ಹತ್ತು ಬೆರಳಿನ ಲೆಕ್ಕ

ಕೈಯಿಂದ ಜಾರಿಹೋದ ಹದಿನಾರಾಣೆಯು ಬಾಯಿಂದ ಇನ್ನೂ ಹೋಗಿಲ್ಲ. ‘ಅವರ ಮಾತು ಹದಿನಾರಾಣೆ ಸತ್ಯ’ ಎಂದು ಹೇಳುವವರಲ್ಲಿ ಬಹುಮಂದಿ ಆಣೆಯ ನಾಣ್ಯವನ್ನು ಕಂಡವರೇ ಅಲ್ಲ. ೧೯೫೭ನೆಯ ಇಸವಿ ಏಪ್ರಿಲ್ ೧ನೆಯ ತಾರೀಖಿನಿಂದ ರೂಪಾಯಿಗೆ ನೂರು ಪೈಸೆ ಎಂದಾಯಿತು. ಅದಕ್ಕೆ ಹಿಂದೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಆ ಕಾಲದ ಗೃಹಿಣಿಯು ಸಂಜೆಯ ಹೊತ್ತು ಅಂಗಡಿಯ ಲೆಕ್ಕವನ್ನು ಬಾಯಲ್ಲಿಯೇ ಕೂಡುವಾಗ ಏನು ನಡೆಯುತ್ತಿದ್ದಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡು ರೂಪಾಯಿ ಹದಿಮೂರಾಣೆ ಒಂಬತ್ತು ಪೈಗೆ ಒಂದು ರೂಪಾಯಿ ಆರಾಣೆ ಎಂಟು ಪೈ ಸೇರಿಸಬೇಕು. ಒಂಬತ್ತೂ ಎಂಟೂ ಹದಿನೇಳು. ಅದರಲ್ಲಿ ಹನ್ನೆರಡು ಒಂದಾಣೆಯಾಗಿ ಹೋಯಿತು, ಐದು ಪೈ ನಿಂತಿತು. ಹದಿಮೂರೂ ಆರೂ ಕೈಯಲ್ಲಿದ್ದ ಒಂದೂ ಇಪ್ಪತ್ತು. ಅದರಲ್ಲಿ ಹದಿನಾರು ರೂಪಾಯಿಯಾಯಿತು, ನಾಲ್ಕಾಣೆ ನಿಂತಿತು. ಒಟ್ಟು ನಾಲ್ಕು ರೂಪಾಯಿ ನಾಲ್ಕಾಣೆ ಐದು ಪೈ. ಒಂದೇ ಸಾಲಿನಲ್ಲಿ ಬಲಗಡೆಯ ಮನೆಯು ಹನ್ನೆರಡಕ್ಕೆ ತುಂಬಿತು, ನಡುವಿನ ಮನೆಯು ಹದಿನಾರಕ್ಕೆ ತುಂಬಿತು, ಎಡಗಡೆಯದು ಹತ್ತಕ್ಕೆ. ಪಾಠಶಾಲೆಯ ಬಾಗಿಲನ್ನು ದಾಟದವರೂ ಮೂರು ಬೇರೆ ಬೇರೆ ಮಾನಗಳಲ್ಲಿ ಹೀಗೆ ಕೂಡುತ್ತಿದ್ದರು, ಕಳೆಯುತ್ತಿದ್ದರು. ಅದು ಕಷ್ಟವಾದ ವಿದ್ಯೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಪಂಚಾಂಗವನ್ನು ನೋಡುವ ಮನೆಗಳಲ್ಲಿ ಇನ್ನೊಂದು ಮಾನವೂ ಇರುವುದು. ಅರುವತ್ತು ವಿಗಳಿಗೆಗೆ ಒಂದು ಗಳಿಗೆ, ಅರುವತ್ತು ಗಳಿಗೆಗೆ ಒಂದು ದಿನ. ಗೋಡೆಯ ಗಡಿಯಾರವೂ ನಿಮಿಷಗಳನ್ನು ಅರುವತ್ತಕ್ಕೇ ಎಣಿಸುವುದು. ಆ ಅರುವತ್ತು ಪ್ರಾಚೀನ ಬ್ಯಾಬಿಲೋನಿನ ಜನರು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟ ಲೆಕ್ಕದಿಂದ ಇಳಿದು ಬಂದುದು. ಆದುದರಿಂದ ಹತ್ತು ಎಂಬುದು ಎಣಿಕೆಯ ಏಕಮಾತ್ರ ಒಡೆಯನಲ್ಲ. ಮನುಷ್ಯನ ಎರಡು ಕೈಗಳಲ್ಲಿ ಹತ್ತು ಬೆರಳುಗಳಿರುವುವು. ಹತ್ತಕ್ಕೆ ಪಟ್ಟವು ದೊರೆತುದು ಅಷ್ಟರಿಂದಲೇ. ಬ್ರಹ್ಮನು ಕೈಗೆ ನಾಲ್ಕೇ ಬೆರಳನ್ನು ಕೊಟ್ಟಿದ್ದರೆ ಮಕ್ಕಳು ಏಳಾದ ಮೇಲೆ ಹತ್ತೆಂದು ಬರೆಯುತ್ತಿದ್ದರು. ಈಗ ಇಪ್ಪತ್ತೈದು ಎನಿಸುವ ರಾಶಿಯು ಅವರ ಹಲಗೆಯ ಮೇಲೆ ೩೧ ಎಂದಾಗುತ್ತಿದ್ದಿತು, ಏಕೆಂದರೆ ಅದರಲ್ಲಿ ಮೂರು ಎಂಟುಗಳೂ ಮೇಲೆ ಒಂದೂ ಇವೆ. ರಾಶಿಯಲ್ಲಿ ಒಂದು ಕಾಳೂ ಹೆಚ್ಚಲಿಲ್ಲ, ಒಂದು ಕಾಳೂ ಕಡಮೆಯಾಗಲಿಲ್ಲ. ಬದಲಾದುದು ಉಡುಪು ಮಾತ್ರ.

ಇಲ್ಲಿಯೇ ಒಂದು ಕೀಟಲೆಯ ಪ್ರಶ್ನೆಯು ಹುಟ್ಟುವುದು. ಸಂಖ್ಯೆಗಳಲ್ಲಿ ಕಾಣುವ ಚಮತ್ಕಾರಗಳಲ್ಲಿ ಎಷ್ಟು ಸಂಖ್ಯೆಯವು, ಎಷ್ಟು ಉಡುಪಿನವು? ಅಂಕಿಗಳನ್ನು ಕೂಡಿದರೆ ಒಂಬತ್ತರಿಂದ ಭಾಗವಾಗುವುದೋ ಇಲ್ಲವೋ ತಿಳಿಯುವುದೆಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಒಂಬತ್ತಕ್ಕೆ ಏನೋ ದೈವೀಶಕ್ತಿಯಿರುವಂತೆ ಅದನ್ನು ಹಾಡಿ ಹೊಗಳಿದವರೂ ಉಂಟು. ಆದರೆ ಒಂಬತ್ತಿನ ಪ್ರತಾಪವೆಲ್ಲ ಅದು ಹತ್ತರ ಪಕ್ಕದ ಮನೆಯಲ್ಲಿರುವುದರಿಂದ ಬಂದುದು. ಎಂಟರ ಮಾನದಲ್ಲಿ ಅದೇ ಕೆಲಸವನ್ನು ಏಳು ಮಾಡುವುದು. ಆಣೆಗಳ ಹದಿನಾರರ ಮಾನದಲ್ಲಿ ಹದಿನೈದು ಮಾಡುವುದು. ಅರಮನೆಯ ನೆರೆಯವನಿಗೆ ಊರಿನಲ್ಲಿ ಸಲ್ಲುವ ಮರ್ಯಾದೆಯಂತೆ ಇದು.

ಈ ಪ್ರಶ್ನೆಯು ಒಬ್ಬ ಮನುಷ್ಯನ ಜೀವಮಾನದ ದುಡಿಮೆಯ ಬೆಲೆಯನ್ನೇ ತಕ್ಕಡಿಯಲ್ಲಿಟ್ಟಿತು. ಅವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು. ೧೯೦೫ರಲ್ಲಿ ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡು, ಗುಮಾಸ್ತರಾಗಿದ್ದ ತಂದೆಯ ಆರೈಕೆಯಲ್ಲಿ ಬೆಳೆದರು. ತಂದೆಗೆ ಜ್ಯೋತಿಷ್ಯದ ಹುಚ್ಚು. ಮಗನಿಗೆ ಆ ಹುಚ್ಚಿನೊಳಗಿನ ಅಂಕಿಗಳು ಮಾತ್ರ ಹಿಡಿದುವು. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದುವಾಗ ೧೯೨೭ರಲ್ಲಿ ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತದ ಬಹುಮಾನವನ್ನು ಪಡೆದರು. ೧೯೨೯ರಲ್ಲಿ ಪದವೀಧರರಾದರು, ಅದಕ್ಕಿಂತ ಮೇಲಿನ ಓದು ಅವರಿಗೆ ಒದಗಲಿಲ್ಲ. ಆಮೇಲೆ ನಾಸಿಕದ ಸಮೀಪದ ದಂಡಿನ ಊರಾದ ದೇವಳಾಲಿಯಲ್ಲಿ ಉಪಾಧ್ಯಾಯರಾಗಿ ಸೇರಿ, ೧೯೬೨ರಲ್ಲಿ ನಿವೃತ್ತರಾಗುವವರೆಗೂ ಮಕ್ಕಳಿಗೆ ಪಾಠ ಹೇಳಿದರು. ನಿವೃತ್ತಿವೇತನವು ಸಾಲದೆ ಅನಂತರವೂ ಮನೆಪಾಠಗಳಿಂದ ಜೀವನವನ್ನು ಸಾಗಿಸಬೇಕಾಯಿತು. ೧೯೮೬ರಲ್ಲಿ ತೀರಿಕೊಂಡರು.

ಹೊರಗಿನ ಕಥೆಯು ಇಷ್ಟೇ. ಒಳಗಿನ ಕಥೆಯು ಬೇರೆ. ಬಿಡುವು ದೊರೆತಾಗಲೆಲ್ಲ ಅವರು ಅಂಕಿಗಳೊಡನೆ ಇರುತ್ತಿದ್ದರು. ಮುಂಬಯಿಯ ಬಳಿಯ ಡೆಮ್ಲೊ ಎಂಬ ರೈಲು ನಿಲ್ದಾಣದಲ್ಲಿ ಹೊಳೆದ ಒಂದು ಜಾತಿಯ ಸಂಖ್ಯೆಗಳಿಗೆ ಡೆಮ್ಲೊ ಸಂಖ್ಯೆಗಳೆಂದೇ ಹೆಸರಿಟ್ಟರು. ಹನ್ನೊಂದರ ವರ್ಗ ೧೨೧, ನೂರಹನ್ನೊಂದರ ವರ್ಗ ೧೨೩೨೧ ಎಂದು ಮೇಲೇರಿ ಕೆಳಗಿಳಿಯುವ ಸಂಖ್ಯೆಗಳು ಆ ಜಾತಿಗೆ ಸೇರಿದುವು. ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲವೆಂದು ಇಲ್ಲಿ ಸೇರಿಸಬಹುದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಗುಣಾಕಾರವನ್ನು ಕಲಿಸುವಾಗ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಲಬ್ಧಗಳನ್ನು ಕೊರಳ ಹಾರಗಳೆಂದು ಕರೆದನು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಬರುವುದು. ಎಂಟು ಒಂದೇ ಬಗೆಯ ಮುತ್ತುಗಳು. ಶಿಷ್ಯನು ತಪ್ಪಿದರೆ ಹಾರವು ಕೂಡಲೆ ಹರಿಯುವುದು; ಗುರುವು ತಾನಾಗಿ ತಾಳೆ ನೋಡಬೇಕಾದುದಿಲ್ಲ. ಇದಕ್ಕಿಂತ ಜಾಣತನದ ಪಾಠಕ್ರಮವು ಅಪರೂಪ.

ಕಾಪ್ರೇಕರರ ಹೆಸರನ್ನು ಉಳಿಸಿದುದು ೬೧೭೪ ಎಂಬ ಸಂಖ್ಯೆ. ೧೯೪೬ರಲ್ಲಿ ಅದನ್ನು ಕಂಡು, ೧೯೪೯ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು. ನಾಲ್ಕು ಅಂಕಿಗಳ ಯಾವುದಾದರೂ ಸಂಖ್ಯೆಯನ್ನು ತೆಗೆದುಕೊಳ್ಳಬೇಕು. ನಾಲ್ಕೂ ಒಂದೇ ಅಂಕಿಯಾಗಿರಬಾರದು, ಅಷ್ಟೆ. ಅಂಕಿಗಳನ್ನು ಇಳಿಯುವ ಕ್ರಮದಲ್ಲಿ ಬರೆದು, ಅದರಿಂದ ಏರುವ ಕ್ರಮದಲ್ಲಿ ಬರೆದುದನ್ನು ಕಳೆಯಬೇಕು. ಸೊನ್ನೆಯು ಬಂದರೆ ಅದನ್ನೂ ಒಂದು ಅಂಕಿಯೆಂದೇ ಇಟ್ಟುಕೊಳ್ಳಬೇಕು. ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಬೇಕು. ಅವರು ಹುಟ್ಟಿದ ವರ್ಷವನ್ನೇ ಹಿಡಿಯೋಣವೆಂದರೆ, ೯೫೧೦ರಲ್ಲಿ ೦೧೫೯ ಕಳೆದರೆ ೯೩೫೧. ಮುಂದೆ ೮೧೭೨, ೭೪೪೩, ೩೯೯೬, ೬೨೬೪, ೪೧೭೬. ಏಳನೆಯ ಸಲ ೬೧೭೪. ಆಮೇಲೆ ಎಷ್ಟು ಸಲ ಮಾಡಿದರೂ ೭೬೪೧ರಲ್ಲಿ ೧೪೬೭ ಹೋಗಿ ೬೧೭೪ ಅಲ್ಲಿಯೇ ನಿಲ್ಲುವುದು. ಯಾವ ಸಂಖ್ಯೆಯೂ ಏಳಕ್ಕಿಂತ ಹೆಚ್ಚು ಹೆಜ್ಜೆಗಳನ್ನು ತೆಗೆದುಕೊಳ್ಳದು. ಊರಿನ ಎಲ್ಲ ಬೀದಿಗಳೂ ಒಂದೇ ತೇರಿನ ಮನೆಗೆ ಬಂದು ಸೇರುವಂತೆ ಎಲ್ಲ ಸಂಖ್ಯೆಗಳೂ ಅಲ್ಲಿಗೇ ಬರುವುವು.

ಇದನ್ನು ಕೇಳಿ ಮಕ್ಕಳು ಸಂತೋಷಪಟ್ಟರು. ದೊಡ್ಡ ಗಣಿತಜ್ಞರಲ್ಲಿ ಹಲವರು ನಕ್ಕರು. ಕಾಪ್ರೇಕರರು ತಮ್ಮ ಖರ್ಚಿನಲ್ಲಿ ಸಮ್ಮೇಳನಗಳಿಗೆ ಹೋಗುತ್ತಿದ್ದರು, ತಮ್ಮ ಪುಸ್ತಿಕೆಗಳನ್ನು ತಾವೇ ಅಚ್ಚುಹಾಕಿಸುತ್ತಿದ್ದರು. ೧೯೭೫ರಲ್ಲಿ ಅಮೇರಿಕದ ಮಾರ್ಟಿನ್ ಗಾರ್ಡ್ನರ್ ಎಂಬುವರು ಸೈಂಟಿಫಿಕ್ ಅಮೇರಿಕನ್ ಪತ್ರಿಕೆಯಲ್ಲಿ ಅವರ ವಿಷಯವನ್ನು ಬರೆದ ಮೇಲೆಯೇ ಲೋಕವು ದೇವಳಾಲಿಯ ಕಡೆಗೆ ಕಣ್ಣೆತ್ತಿತು. ಆಗ ಅವರಿಗೆ ಎಪ್ಪತ್ತು ವರ್ಷ.

ನಕ್ಕವರನ್ನು ಕೇವಲ ಗರ್ವಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಪಕ್ಷವನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವನು ಕೇಂಬ್ರಿಜ್ಜಿನ ಹಾರ್ಡಿ. ಕಾಪ್ರೇಕರರನ್ನು ಕುರಿತು ಹೇಳಿದುದಲ್ಲ. ಮದರಾಸಿನ ಸಮ್ಮೇಳನಕ್ಕೆ ಎರಡು ವರ್ಷ ಮೊದಲೇ, ೧೯೪೭ರಲ್ಲಿ, ಅವನು ತೀರಿಕೊಂಡಿದ್ದನು. ೧೯೪೦ರಲ್ಲಿ ಪ್ರಕಟವಾದ ತನ್ನ ಚಿಕ್ಕ ಪುಸ್ತಕದಲ್ಲಿ ಅವನು ಎರಡು ಉದಾಹರಣೆಗಳನ್ನು ಕೊಟ್ಟನು. ನಾಲ್ಕು ಅಂಕಿಯ ಸಂಖ್ಯೆಗಳಲ್ಲಿ ತಮ್ಮ ತಿರುಗುಮುರುಗಿನ ಅಪವರ್ತ್ಯವಾಗಿರುವುವು ಎರಡೇ: ೨೧೭೮ರ ನಾಲ್ಕರಷ್ಟಾದ ೮೭೧೨, ೧೦೮೯ರ ಒಂಬತ್ತರಷ್ಟಾದ ೯೮೦೧. ಒಂದನ್ನು ಬಿಟ್ಟರೆ ತಮ್ಮ ಅಂಕಿಗಳ ಘನಗಳ ಮೊತ್ತಕ್ಕೆ ಸಮನಾದುವು ನಾಲ್ಕೇ: ೧೫೩, ೩೭೦, ೩೭೧, ೪೦೭. ಇವು ಪತ್ರಿಕೆಗಳ ವಿನೋದದ ಅಂಕಣಕ್ಕೆ ತಕ್ಕುವು, ಗಣಿತಜ್ಞನ ಮನಸ್ಸನ್ನು ಮುಟ್ಟತಕ್ಕುವಲ್ಲ ಎಂಬುದು ಅವನ ತೀರ್ಪು. ರಾಮಾನುಜನ್ನರನ್ನು ಗುರುತಿಸಿದ ಕಣ್ಣಿನ ತೀರ್ಪನ್ನು ಹಗುರವಾಗಿ ಎಣಿಸುವಂತಿಲ್ಲ. ಹತ್ತರ ಮಾನವೆಂಬುದು ಬೆರಳುಗಳ ಆಕಸ್ಮಿಕವಾದರೆ, ಅದರಿಂದ ಹುಟ್ಟಿದ ಚಮತ್ಕಾರವೂ ಆಕಸ್ಮಿಕವೇ ಅಲ್ಲವೆ? ಉಪಾಧ್ಯಾಯರೊಬ್ಬರು ಆಯುಷ್ಯವನ್ನೆಲ್ಲ ತಮ್ಮ ಬೆರಳುಗಳನ್ನು ನೋಡಿಕೊಳ್ಳುವುದರಲ್ಲಿಯೇ ಕಳೆದರೇನು?

ಇದನ್ನು ಊಹೆಯಿಂದ ತೀರ್ಮಾನಿಸಬೇಕಾದುದಿಲ್ಲ. ಉಡುಪನ್ನು ಬದಲಾಯಿಸಿ ನೋಡಿದರೆ ತಿಳಿಯುವುದು. ಮೊದಲು ೬೧೭೪ನ್ನೇ ಎಂಟರ ಮಾನದಲ್ಲಿ ಬರೆಯಬೇಕು. ಅದು ೧೪೦೩೬ ಆಗುವುದು. ನಾಲ್ಕು ಅಂಕಿಯ ಸಂಖ್ಯೆಯೆಂಬ ಮಾನವೂ ಅದಕ್ಕೆ ಉಳಿಯಲಿಲ್ಲ. ಇಲ್ಲಿಗೆ ಹಾರ್ಡಿಯು ಗೆದ್ದಂತೆ ತೋರುವುದು. ಆದರೆ ಸಂಖ್ಯೆಯನ್ನು ಬಿಟ್ಟು ಅದು ಹೇಗೆ ಹುಟ್ಟಿತೆಂದು ನೋಡಿದರೆ ಬೇರೊಂದು ದೃಶ್ಯವು ತೆರೆಯುವುದು. ಸುಲಭಕ್ಕಾಗಿ ಮೂರು ಅಂಕಿಗಳಿಂದ ತೊಡಗುವುದು ಮೇಲು. ಹತ್ತರ ಮಾನದಲ್ಲಿ ಮೂರು ಅಂಕಿಯ ಸಂಖ್ಯೆಗಳೆಲ್ಲ ಇದೇ ಆಟದಲ್ಲಿ ೪೯೫ಕ್ಕೆ ಬಂದು ನಿಲ್ಲುವುವು. ಕಾರಣವೂ ಬಚ್ಚಿಟ್ಟುದಲ್ಲ. ಕಳೆಯುವಾಗ ನಡುವಿನ ಅಂಕಿಯು ಎರಡು ಕಡೆಯೂ ಒಂದೇ ಆದುದರಿಂದ ಲೆಕ್ಕಕ್ಕೆ ಬಾರದು. ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ಅಂತರವೊಂದೇ ಉತ್ತರವನ್ನು ನಿರ್ಣಯಿಸುವುದು. ಉತ್ತರದ ನಡುವೆ ಯಾವಾಗಲೂ ಒಂಬತ್ತು, ಎರಡು ಕೊನೆಗಳನ್ನು ಕೂಡಿದರೂ ಒಂಬತ್ತು. ಹೀಗೆ ಅಂತರವು ಸರಿಯುತ್ತ ಸರಿಯುತ್ತ ಹತ್ತರ ಅರ್ಧವಾದ ಐದಕ್ಕೆ ಬಂದಾಗ ಮತ್ತೆ ಕದಲುವುದಿಲ್ಲ.

ಹಾಗಾದರೆ ೪೯೫ ಎಂಬುದನ್ನು ‘ಅರ್ಧಕ್ಕೆ ಒಂದು ಕಡಮೆ, ತುದಿಯ ಅಂಕಿ, ಅರ್ಧ’ ಎಂದು ಓದಬಹುದು. ಎಂಟರ ಮಾನಕ್ಕೆ ಹೋದರೆ ಅದೇ ಮಾತು ೩೭೪ ಆಗುವುದು. ಅಲ್ಲಿ ೭೪೩ರಲ್ಲಿ ೩೪೭ ಕಳೆದವರಿಗೆ ೩೭೪ ಸಿಕ್ಕುವುದು, ಬೇಕಾದವರು ಎಂಟರ ಸಾಲ ತೆಗೆದು ನೋಡಬಹುದು. ಹನ್ನೆರಡರ ಮಾನದಲ್ಲಿ ಐದು-ಹನ್ನೊಂದು-ಆರು. ಆಣೆಗಳ ಮಾನದಲ್ಲಿ ಏಳು-ಹದಿನೈದು-ಎಂಟು. ಒಂಬತ್ತರ ಮಾನದಲ್ಲಿ ಮಾತ್ರ ಆಟವು ಕೆಡುವುದು. ಒಂಬತ್ತಕ್ಕೆ ಸಮನಾದ ಅರ್ಧವಿಲ್ಲ. ಆದುದರಿಂದ ನಿಲ್ಲುವ ಸ್ಥಳವೂ ಇಲ್ಲ. ಸಂಖ್ಯೆಯು ೪೮೪ರಿಂದ ೩೮೫ಕ್ಕೆ, ೩೮೫ರಿಂದ ೪೮೪ಕ್ಕೆ, ಎರಡು ಮನೆಗಳ ನಡುವೆ ಬಾಳುವವನಂತೆ, ಕೊನೆಯಿಲ್ಲದೆ ಓಡಾಡುವುದು. ಬೆಸಸಂಖ್ಯೆಯ ಮಾನಗಳಲ್ಲೆಲ್ಲ ಇದೇ ಗತಿ. ಈಗ ಹೇಳಿದುದರಲ್ಲಿ ಬೆರಳುಗಳ ಸೋಂಕು ಎಲ್ಲಿದೆ?

ನಾಲ್ಕು ಅಂಕಿಗಳಿಗೆ ಬಂದರೆ ಹಾದಿಯು ಅಷ್ಟು ನೇರವಾಗಿಲ್ಲ, ಅದಕ್ಕೇ ಹೆಚ್ಚು ಸೊಗಸಾಗಿದೆ. ಒಂದೇ ಕೈಯಿಂದ ಎಣಿಸುವವರ ಐದರ ಮಾನವನ್ನು ತೆಗೆದುಕೊಂಡರೆ, ಅಲ್ಲಿ ೩೦೩೨ ಎಂಬುದು ೬೧೭೪ರ ತಮ್ಮನಾಗಿ ಕುಳಿತಿರುವುದು. ೩೩೨೦ರಲ್ಲಿ ೦೨೩೩ ಕಳೆದರೆ ಐದರ ಲೆಕ್ಕದಲ್ಲಿ ೩೦೩೨. ಆ ಮಾನದ ನಾಲ್ಕು ಅಂಕಿಯ ಸಂಖ್ಯೆಗಳೆಲ್ಲ ಅದರ ಬಾಗಿಲಿಗೇ ಬರುವುವು. ಒಂದು ಕೈಗೂ ಎರಡು ಕೈಗೂ ಹೀಗೆ ಒಂದೊಂದು ನಿಲುಗಡೆಯಿದ್ದರೆ, ಮೂರು ಕೈಯವರಿಗೂ ಇರಬೇಡವೆ? ಹದಿನೈದರ ಮಾನದಲ್ಲಿಯೂ ಒಬ್ಬ ಅಣ್ಣನಿರುವನು: ಒಂಬತ್ತು-ಎರಡು-ಹನ್ನೊಂದು-ಆರು. ವಾಸ್ತವವಾಗಿ ಐದರಿಂದ ಭಾಗವಾಗುವ ಪ್ರತಿಯೊಂದು ಮಾನದಲ್ಲಿಯೂ ಈ ವಂಶದ ಒಬ್ಬನು ಸಿಕ್ಕುವನು. ಆದರೆ ಹದಿನೈದರಲ್ಲಿ ಎಲ್ಲರೂ ಅವನ ಮನೆಗೆ ಬರುವುದಿಲ್ಲ; ಕೆಲವು ಸಂಖ್ಯೆಗಳು ನಾಲ್ವರ ಒಂದು ಗುಂಪು ಕಟ್ಟಿಕೊಂಡು ತಮ್ಮಲ್ಲಿಯೇ ಸುತ್ತುತ್ತಿರುವುವು. ಎಂಟರಲ್ಲಿಯೂ ಅಂಥ ಸುತ್ತುಗಳುಂಟು. ೩೦೬೫ರಿಂದ ೬೧೫೨, ಅದರಿಂದ ೫೨೪೩, ಅದರಿಂದ ಮರಳಿ ೩೦೬೫. ಮಕ್ಕಳು ಕೈಕೈ ಹಿಡಿದು ತಿರುಗಿದಂತೆ ಆ ಮೂರೂ ಎಂದೆಂದಿಗೂ ತಿರುಗುವುವು. ಕಾಪ್ರೇಕರರಿಗೆ ಎಂಟೇ ಬೆರಳುಗಳಿದ್ದಿದ್ದರೆ ೬೧೭೪ರ ಏಕಾಂತವಾದ ಪೀಠವು ಅವರಿಗೆ ಕಾಣುತ್ತಿರಲಿಲ್ಲ. ಆದರೆ ಈ ಕೋಲಾಟವು ಕಂಡಿರುತ್ತಿದ್ದಿತು.

ಯಾವ ಮಾನಗಳಲ್ಲಿ ಎಲ್ಲ ಸಂಖ್ಯೆಗಳೂ ಒಂದೇ ಕಡೆಗೆ ಬರುವುವು, ಯಾವುವುಗಳಲ್ಲಿ ಬಾರವು ಎಂಬುದೀಗ ವಿನೋದದ ಅಂಕಣದ ಪ್ರಶ್ನೆಯಾಗಿ ಉಳಿಯಲಿಲ್ಲ. ೧೯೭೮ರಲ್ಲಿ ಅದನ್ನು ಕೈಗೆತ್ತಿಕೊಂಡು, ನಾಲ್ಕು ಅಂಕಿಯ ಇಂಥ ಸಂಖ್ಯೆಗಳನ್ನೆಲ್ಲ ನಿರ್ಣಯಿಸಿ ಪ್ರಬಂಧವನ್ನು ಪ್ರಕಟಿಸಿದವರಲ್ಲಿ ಒಬ್ಬನು ಹೆಲ್ಮುಟ್ ಹಾಸೆ, ಇನ್ನೊಬ್ಬನು ಪ್ರಿಚೆಟ್. ಹಾಸೆಯು ಇಪ್ಪತ್ತನೆಯ ಶತಮಾನದ ಸಂಖ್ಯಾಶಾಸ್ತ್ರದಲ್ಲಿ ಮೊದಲ ಸಾಲಿನ ಜರ್ಮನ್ ಪಂಡಿತ. ಆಗ ಅವನಿಗೆ ಎಂಬತ್ತರ ವಯಸ್ಸು. ಪ್ರಬಂಧವು ಅಚ್ಚಾದುದು ೧೮೨೬ರಿಂದ ನಡೆದುಬಂದಿರುವ, ಕ್ರೆಲ್ಲೆಯ ಹೆಸರಿನಿಂದ ಪ್ರಸಿದ್ಧವಾದ ಪತ್ರಿಕೆಯಲ್ಲಿ. ಆ ಪುಟಗಳ ತಲೆಬರಹದಲ್ಲಿ ದೇವಳಾಲಿಯ ಉಪಾಧ್ಯಾಯರ ಹೆಸರಿದ್ದಿತು. ಅವರು ಇನ್ನೂ ಬದುಕಿದ್ದರು.

ಹಾರ್ಡಿಯ ಉದಾಹರಣೆಯೇ ಅವನ ಪಕ್ಷವನ್ನು ಪೂರ್ತಿಯಾಗಿ ಹಿಡಿಯದು ಎಂಬುದು ಇನ್ನೊಂದು ತಮಾಷೆ. ಎಂಟರ ಮಾನದಲ್ಲಿ ೧೦೬೭ನ್ನು ಏಳರಿಂದ ಗುಣಿಸಿದರೆ ೭೬೦೧ ಬರುವುದು. ಹತ್ತರಲ್ಲಿ ೧೦೮೯ ಒಂಬತ್ತರ ಕೈಹಿಡಿದು ತಿರುಗಿದಂತೆಯೇ ಇದು ಏಳರ ಕೈಹಿಡಿದು ತಿರುಗಿತು. ಪ್ರತಿಯೊಂದು ಮಾನದಲ್ಲಿಯೂ ಇಂಥದೊಂದು ಇದ್ದೇ ಇರುವುದು. ಡೆಮ್ಲೊ ನಿಲ್ದಾಣದ ೧೨೧ ಕೂಡ ಹಾಗೆಯೇ. ಎರಡಕ್ಕಿಂತ ಮೇಲಿನ ಯಾವ ಮಾನದಲ್ಲಿ ಬರೆದರೂ ಅದು ವರ್ಗಸಂಖ್ಯೆಯೇ. ಆಣೆಗಳ ಮಾನದಲ್ಲಿ ಓದಿದರೆ ಅದು ಇನ್ನೂರೆಂಬತ್ತೊಂಬತ್ತು, ಹದಿನೇಳರ ವರ್ಗ. ಆದರೂ ೧೫೩ರ ವಿಷಯದಲ್ಲಿ ಹಾರ್ಡಿಯ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಅದು ಇದ್ದುದು ಇದ್ದಂತೆ ಒಂದು ಆಕಸ್ಮಿಕವೆಂದೇ ತೋರುವುದು. ಎಲ್ಲ ಮಣಿಗಳೂ ಮುತ್ತಾಗಿರಬೇಕೆಂಬ ಹಟವು ಕಾಪ್ರೇಕರರ ಅಭಿಮಾನಿಗಳಿಗೂ ಬೇಡ.

ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗಳಿಗೆ ಕಾಪ್ರೇಕರರು ಹರ್ಷದವೆಂದು, ಎಂದರೆ ಸಂತೋಷವನ್ನು ಕೊಡತಕ್ಕುದೆಂದು, ಹೆಸರಿಟ್ಟಿದ್ದರು. ಹಾರ್ಡಿಯು ಬಾಡಿಗೆಯ ಕಾರಿನಲ್ಲಿ ಬಂದು, ಅದರ ನಂಬರು ನೀರಸವಾದುದೆಂದು ಕಾಹಿಲೆಯಿಂದ ಮಲಗಿದ್ದ ರಾಮಾನುಜನ್ನರಿಗೆ ಹೇಳಿದ ೧೭೨೯ನ್ನು ತೆಗೆದುಕೊಳ್ಳಬಹುದು. ಎರಡು ಘನಗಳ ಮೊತ್ತವಾಗಿ ಎರಡು ವಿಧದಲ್ಲಿ ಬರೆಯಬಹುದಾದ ಸಂಖ್ಯೆಗಳಲ್ಲಿ ಅತ್ಯಂತ ಚಿಕ್ಕದು ಅದೆಂದು ರಾಮಾನುಜನ್ನರು ಒಡನೆಯೇ ಹೇಳಿದ ಕಥೆಯು ಎಲ್ಲರಿಗೂ ಗೊತ್ತು. ಆ ಗುಣವು ಯಾವ ಮಾನಕ್ಕೂ ಸೇರಿದುದಲ್ಲ. ಅದರ ಅಂಕಿಗಳನ್ನು ಕೂಡಿದರೆ ೧೯. ೧೯ರಿಂದ ಭಾಗಿಸಿದರೆ ೯೧ ಬರುವುದು. ಹೀಗೆ ಅದು ಹರ್ಷದವೂ ಹೌದು. ಆಣೆಗಳ ಮಾನದಲ್ಲಿ ಅದನ್ನು ಆರು-ಹನ್ನೆರಡು-ಒಂದು ಎಂದು ಬರೆಯಬೇಕು. ಕೂಡಿದರೆ ಅಲ್ಲಿಯೂ ಹತ್ತೊಂಬತ್ತೇ, ಅಲ್ಲಿಯೂ ಹರ್ಷದ. ಎಂಟರಲ್ಲಿ ೩೩೦೧, ಮೊತ್ತ ಏಳು, ಏಳರಿಂದಲೂ ಭಾಗವಾಗುವುದು. ಹನ್ನೆರಡರಲ್ಲಿ ಮಾತ್ರ ೧೦೦೧. ಮೊತ್ತ ಎರಡು, ಬೆಸಸಂಖ್ಯೆಯನ್ನು ಎರಡರಿಂದ ಭಾಗಿಸುವುದೆಂತು? ಹರ್ಷವು ಅಲ್ಲಿ ತಪ್ಪಿತು. ಆದರೆ ಹನ್ನೆರಡರ ಘನ, ಅದರ ಮೇಲೆ ಒಂದು, ಎಂಬ ರಾಮಾನುಜನ್ನರ ಮಾತು ಆ ೧೦೦೧ ಎಂಬ ಬರವಣಿಗೆಯಲ್ಲಿ ಮೈದೆರೆದು ನಿಂತಿದೆ.

ಯಾವ ಮಾನದಲ್ಲಿ ಬರೆದರೂ ಹರ್ಷದವಾಗಿರುವ ಸಂಖ್ಯೆಗಳು ಇವೆಯೆ ಎಂದು ಹುಡುಕಿದವರಿಗೆ ನಾಲ್ಕು ದೊರೆತಿವೆ, ಐದನೆಯದಿಲ್ಲ. ಒಂದು, ಎರಡು, ನಾಲ್ಕು, ಆರು. ಹನ್ನೆರಡು ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲು ತೀರ ಹತ್ತಿರಕ್ಕೆ ಬಂದಿತ್ತು. ಎಲ್ಲ ಮಾನಗಳಲ್ಲಿಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಎಂಟರ ಮಾನವೊಂದರಲ್ಲಿ ಎಡವಿತು. ಅಲ್ಲಿ ಅದನ್ನು ೧೪ ಎಂದು ಬರೆಯುವರು. ಒಂದೂ ನಾಲ್ಕೂ ಐದು.